ಕಸದೊಳಗಿನ ಕಲ್ಯಾಣ

ಮೇ ತಿಂಗಳ ಕಡೆಯ ವಾರ ಬಸವಕಲ್ಯಾಣಕ್ಕೆ ಚಿಟ್ಟೆ ನೋಡಲು ಹೊರಟವನನ್ನು ಯಾರಾದರೂ ತಡೆಯಬೇಕಿತ್ತು. ಯಾರೂ ತಡೆಯಲಿಲ್ಲ. ತಪ್ಪು ನನ್ನದೇ. ಇಂಗ್ಲೆಂಡಿನ ಛಾಯಾಗ್ರಾಹಕನೊಬ್ಬನ ಪುಸ್ತಕ ಓದಿ, ಬೇಸಿಗೆಯ ಕೊನೆಯೇ ಚಿಟ್ಟೆಗೆ ಸಕಾಲ ಎಂದು ನಂಬಿಬಿಟ್ಟಿದ್ದೆ. ಅವನ ಬೇಸಿಗೆಯ ಕೊನೆ ಎಂದರೆ ಆಗಸ್ಟ್, ನಮ್ಮ ಶ್ರಾವಣ. ನನ್ನ ಬೇಸಿಗೆಯ ಕೊನೆಗೆ ಬೀದರ್ ಜಿಲ್ಲೆಯ ಎರೆಹೊಲ ಕಾಲು ಸಿಕ್ಕಿಕೊಳ್ಳುವಷ್ಟು ಬಾಯಿ ಬಿಟ್ಟಿತ್ತು. ಕೋಟೆಯ ಕಲ್ಲು ಮುಟ್ಟಿದರೆ ಸುಡುತ್ತಿತ್ತು. ಬೆಳಿಗ್ಗೆ ಒಂಬತ್ತಕ್ಕೇ ನಾಯಿಗಳೆಲ್ಲ ಬೇವಿನ ನೆರಳು ಸೇರಿದ್ದವು.

ಆದರೂ ಬರಿಗೈಯಲ್ಲಿ ಬರಲಿಲ್ಲ. ಸುತ್ತಲೂ ಎಲ್ಲ ಒಣಗಿ ನಿಂತಾಗ ಹಸಿರಾಗಿ ಉಳಿದಿದ್ದು ಎಕ್ಕಿ ಗಿಡ. ಅದರ ಸುತ್ತ ಕಿತ್ತಳೆ ಬಣ್ಣದ ಪ್ಲೇನ್ ಟೈಗರ್ ಚಿಟ್ಟೆಗಳು ಯಾವ ಅವಸರವೂ ಇಲ್ಲದೆ ತೇಲುತ್ತಿದ್ದವು. ಕುರುಚಲು ಮುಳ್ಳುಪೊದೆಗಳ ಬಳಿ ಬಿಳಿ ರೆಕ್ಕೆಯ ಪಯೋನಿಯರ್, ರೆಕ್ಕೆಯ ತುದಿಗೆ ಕೇಸರಿ ಅದ್ದಿದಂತಿರುವ ಆರೆಂಜ್ ಟಿಪ್‌ಗಳು ಇದ್ದವು. ಇವು ಒಣನಾಡಿನ ಚಿಟ್ಟೆಗಳು. ಬಿಸಿಲಿಗೆ ಹೆದರುವುದಿಲ್ಲ, ಆದರೆ ಕ್ಯಾಮೆರಾ ಎತ್ತುವ ಮೊದಲೇ ಪೊದೆ ದಾಟಿರುತ್ತವೆ. ಮೂರು ದಿನದಲ್ಲಿ ಮೂರೋ ನಾಲ್ಕೋ ಬಗೆ ಕಂಡು ಮರಳಿದೆ. ಮತ್ತೆ ಬಂದದ್ದು ಸೆಪ್ಟೆಂಬರಿನಲ್ಲಿ, ಹುಬ್ಬಿ ಮಳೆ ಒಂದು ದಿನ ಬಿಡುವು ಕೊಟ್ಟಾಗ. ಅದೇ ನೆಲವೇ ಇದು ಎಂದು ಒಪ್ಪಿಕೊಳ್ಳಲು ಸ್ವಲ್ಪ ಹೊತ್ತು ಬೇಕಾಯಿತು.

ಊರು ಗೊತ್ತಿಲ್ಲದವರಿಗೆ ಎರಡು ಮಾತು. ಕಲ್ಯಾಣದ ಚಾಲುಕ್ಯರು ರಾಜಧಾನಿ ಮಾಡಿಕೊಂಡ, ಹನ್ನೆರಡನೆಯ ಶತಮಾನದಲ್ಲಿ ಬಿಜ್ಜಳನ ಆಳ್ವಿಕೆಯಲ್ಲಿ ಬಸವಣ್ಣ ಮತ್ತು ಶರಣರು ನಡೆದಾಡಿದ ಊರು ಇದು. ಕೋಟೆ, ಪರುಷಕಟ್ಟೆ, ಅಕ್ಕನಾಗಮ್ಮನ ಗವಿ, ತ್ರಿಪುರಾಂತ ಕೆರೆ, 108 ಅಡಿಯ ಬಸವಣ್ಣನ ಮೂರ್ತಿ ನೋಡಲು ಜನ ಬರುತ್ತಾರೆ. ಸುಮಾರು 30 ಕಿ.ಮೀ. ದೂರದ ಹುಮನಾಬಾದ್ ಪುಣೆ–ಹೈದರಾಬಾದ್ ಹೆದ್ದಾರಿಯ ಮೇಲಿದೆ. ಬೀದರ್–ಕಲಬುರಗಿ ರೈಲು ಮಾರ್ಗ 2017ರಲ್ಲಿ ಪೂರ್ತಿಯಾದ ಮೇಲೆ ಹುಮನಾಬಾದಿಗೆ ರೈಲಿನಲ್ಲೂ ಬರಬಹುದು. 1956ರವರೆಗೆ ಈ ಸೀಮೆ ಹೈದರಾಬಾದ್ ಸಂಸ್ಥಾನ, ಆಮೇಲೆ ಹೈದರಾಬಾದ್ ರಾಜ್ಯದ ಭಾಗವಾಗಿತ್ತು. ಅದರ ಗುರುತು ಇಲ್ಲಿನ ಮಾತಿನಲ್ಲಿದೆ. ಕನ್ನಡದ ಪಾತರಗಿತ್ತಿ ಸಂತೆಯ ಮರಾಠಿ ಬಾಯಲ್ಲಿ ಫುಲಪಾಖರೂ, ದಖನಿಯಲ್ಲಿ ತಿತಲಿ, ತೆಲುಗಿನಲ್ಲಿ ಸೀತಾಕೋಕಚಿಲುಕ.

ಚಿಟ್ಟೆಗೆ ಇವೆಲ್ಲಕ್ಕಿಂತ ಮುಖ್ಯ ಮಣ್ಣು. ಬೀದರ್–ಹುಮನಾಬಾದ್ ಎತ್ತರದ ನೆಲದ ಮೇಲೆ ಜಂಬಿಟ್ಟಿಗೆಯ ಕೆಂಪು ಪದರ ಹಾಸಿಕೊಂಡಿದೆ. ಕೆಳಗಿಳಿದಂತೆ ಕರಿಕಲ್ಲು, ಅದರ ಮೇಲೆ ಎರೆ. ಕೆಂಪು ಮುರುಮಿನ ಮೇಲೆ ಕುರುಚಲು ಗಿಡ, ಎರೆಯಲ್ಲಿ ತೊಗರಿ, ಉದ್ದು, ಹೆಸರು, ಸೋಯಾ, ಕಬ್ಬು. ಒಂದೇ ಮುಂಜಾನೆಯ ಓಡಾಟದಲ್ಲಿ ಎರಡು ಬೇರೆ ಸೀಮೆ ಸುತ್ತಿದ ಹಾಗೆ. ಬರಿ ಮುರುಮಿನ ಮೇಲೆ ರೆಕ್ಕೆ ಹರಡಿ ಕೂರುವ ಬ್ಲೂ ಪ್ಯಾನ್ಸಿ ಎರೆಹೊಲದ ನಡುವೆ ಅಪರೂಪ. ಹೆಸರಿನ ಹೊಲದಲ್ಲಿ ಮಿಣುಕುವ ಗ್ರಾಂ ಬ್ಲೂ ಕಲ್ಲುದಿಣ್ಣೆಯ ಮೇಲೆ ಕಾಣುವುದು ಕಷ್ಟ.

ಹುಮನಾಬಾದ್ ಬಳಿಯ ಜಲಸಂಗ್ವಿಯ ಹಾದಿಯಲ್ಲಿ ಹೊಲದ ಬದುವಿನ ಮೇಲೆ ಮೊಣಕಾಲೂರಿ ಕೂತಿದ್ದಾಗ, ಉದ್ದಿನ ಸಾಲಿನಲ್ಲಿ ಕಸ ಕೀಳುತ್ತಿದ್ದ ಹಿರಿಯಾಕೆ ಕುರ್ಪಿ ಕೈಯಲ್ಲಿ ಹಿಡಿದೇ ಬಂದು ನಿಂತರು. "ಯಪ್ಪಾ, ಕಸದ ಫೋಟೊ ಯಾಕ ತೆಗಿಲತ್ತೀರಿ?" ಎಂದರು. ಕಸ ಅಲ್ಲ ಯವ್ವಾ, ಹುಳಾ ಎಂದೆ. ಕೂತು ನೋಡಿದರು. ಗೋಳಿ ಪಲ್ಯದ ದಪ್ಪ ಎಲೆಯ ಮೇಲೆ ಮುಳ್ಳುಮೈಯ ಕಪ್ಪು ಹುಳವೊಂದು ಸದ್ದಿಲ್ಲದೆ ಮೇಯುತ್ತಿತ್ತು. ತಮಗೆ ಅದು ಪಲ್ಯ, ಹೊಲದಲ್ಲಿ ಬಿದ್ದರೆ ಕಸ, ಇದಕ್ಕೆ ಊಟ ಅನ್ನಿ ಎಂದು ನಕ್ಕು ಸಾಲಿಗೆ ಮರಳಿದರು. ನಾನು ಓದಿದ ಎಷ್ಟೋ ಪುಸ್ತಕಗಳು ಇಷ್ಟು ಚಿಕ್ಕದಾಗಿ ಹೇಳಿರಲಿಲ್ಲ. ಇಲ್ಲಿನ ಚಿಟ್ಟೆಗಳ ಪೈಕಿ ಬಹುಪಾಲಿನ ತೊಟ್ಟಿಲು ಯಾರೂ ನೆಡದ ಗಿಡಗಳೇ.

ಆ ಹುಳ ಡ್ಯಾನೈಡ್ ಎಗ್‌ಫ್ಲೈ ಎಂಬ ಚಿಟ್ಟೆಯದು. ಅದರ ಕತೆ ಮೇ ತಿಂಗಳಲ್ಲಿ ಕಂಡ ಎಕ್ಕಿಯ ಚಿಟ್ಟೆಗೆ ಹೋಗಿ ಕೂಡುತ್ತದೆ. ಶನಿವಾರ ಹನುಮಪ್ಪನ ಕೊರಳಿಗೆ ಎಕ್ಕಿ ಹಾರವಾಗುವ ಆ ಗಿಡದ ಹಾಲು ವಿಷ. ದನ ಮುಟ್ಟುವುದಿಲ್ಲ. ಪ್ಲೇನ್ ಟೈಗರ್ ಮಾತ್ರ ಅದರ ಮೇಲೆಯೇ ಮೊಟ್ಟೆ ಇಡುತ್ತದೆ. ಹುಟ್ಟಿದ ಹುಳ ಜಾಣ. ಎಲೆಯ ನರವನ್ನು ಮೊದಲು ಕಚ್ಚಿ ಹಾಲು ಸೋರಲು ಬಿಟ್ಟು, ಆಮೇಲೆ ಮೇಯುತ್ತದೆ. ಕಪ್ಪು, ಬಿಳಿ, ಹಳದಿ ಪಟ್ಟೆಯ ಆ ಹುಳದ ಮೈಯಲ್ಲಿ ಸೇರಿದ ವಿಷ ಚಿಟ್ಟೆಯಾದ ಮೇಲೂ ಉಳಿಯುತ್ತದೆ. ಒಮ್ಮೆ ಬಾಯಿ ಹಾಕಿ ಕೆಟ್ಟ ಹಕ್ಕಿ ಮತ್ತೆ ಆ ಬಣ್ಣದ ತಂಟೆಗೆ ಹೋಗುವುದಿಲ್ಲ. ಅದಕ್ಕೇ ಆ ನಿಧಾನದ ಹಾರಾಟ. ಎಗ್‌ಫ್ಲೈಯ ಮೈಯಲ್ಲಿ ಅಂಥ ವಿಷವಿಲ್ಲ. ಆದರೆ ಅದರ ಹೆಣ್ಣು ಪ್ಲೇನ್ ಟೈಗರ್‌ನ ಬಣ್ಣ, ಪಟ್ಟೆ, ತೇಲುವ ರೀತಿಯನ್ನೂ ಕದ್ದುಕೊಂಡಿದೆ. ಗಂಡು ನೋಡಿದರೆ ಬೇರೆಯೇ ಜಾತಿ ಎನ್ನಬೇಕು: ಕಪ್ಪು ರೆಕ್ಕೆ, ಅದರ ಮೇಲೆ ನೇರಳೆ ಅಂಚಿನ ಬಿಳಿ ಬೊಟ್ಟುಗಳು. ಅಸಲಿಯನ್ನೂ ನಕಲಿಯನ್ನೂ ಬೇರ್ಪಡಿಸುವ ಉಪಾಯವಿದೆ. ಪ್ಲೇನ್ ಟೈಗರ್‌ನ ಹಿಂದಿನ ರೆಕ್ಕೆಯ ನಡುವೆ ಮೂರೋ ನಾಲ್ಕೋ ಕಪ್ಪು ಚುಕ್ಕೆ, ಎಗ್‌ಫ್ಲೈ ಹೆಣ್ಣಿಗೆ ರೆಕ್ಕೆಯ ಮೇಲಂಚಿನ ಬಳಿ ಒಂದೇ. ಮೇ ತಿಂಗಳ ನನ್ನ ಚಿತ್ರಗಳನ್ನು ಮತ್ತೆ ತೆರೆದು ನೋಡಿದೆ. ಎಲ್ಲವೂ ಅಸಲಿ, ಒಂದೂ ನಕಲಿ ಇರಲಿಲ್ಲ. ಮಳೆ ಬಿದ್ದು ಗೋಳಿ ಚಿಗುರಬೇಕಲ್ಲ! 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಹಳೆಯ ಮೊದಲ ಅನುಸೂಚಿಯಲ್ಲಿ ಹುಲಿಯ ಜೊತೆಗೇ ಈ ನಕಲಿಗಾರನ ಹೆಸರೂ ಇತ್ತು ಎಂಬುದು ಉದ್ದಿನ ಹೊಲದಲ್ಲಿ ಕೂತಾಗ ನಂಬಲು ಕಷ್ಟ.

ಇದೇ ದಾರಿ ಹಿಡಿದರೆ ಗಿಡವೇ ಚಿಟ್ಟೆಯ ವಿಳಾಸ ಹೇಳುತ್ತದೆ. ಹಾದಿಬದಿಯ ಹಳದಿ ಹೂವಿನ ಚಗಚೆಯಲ್ಲಿ ಗ್ರಾಸ್ ಯೆಲ್ಲೋ, ಔಡಲದಲ್ಲಿ ಇಟ್ಟಿಗೆ ಬಣ್ಣದ ಕ್ಯಾಸ್ಟರ್, ಬಾರಿ ಗಿಡದಲ್ಲಿ ಬಿಳಿ ಮೈಮೇಲೆ ಮಸಿ ಚೆಲ್ಲಿದಂಥ ಕಾಮನ್ ಪಿಯೆರೊ. ಎರೆಹೊಲದ ಬದುವಿನಲ್ಲಿ ನೆಲಕ್ಕಂಟಿ ಹಬ್ಬುವ, ಈಶ್ವರಿ ಬಳ್ಳಿಯ ಕುಲದ ಸಣ್ಣ ಗಿಡವೊಂದಿದೆ. ಕೆಂಪು ಮೈಯ ಕ್ರಿಮ್ಸನ್ ರೋಸ್ ಅದಕ್ಕಾಗಿಯೇ ಹೊಲದ ಮೇಲೆ ತಗ್ಗಿ ಹಾರುತ್ತದೆ. ಶಿವನ ಗುಡಿಯ ಅಂಗಳದ ಬಿಲ್ವದ ಎಲೆ ತಿರುವಿ ನೋಡಿ. ಹಕ್ಕಿ ಹಿಕ್ಕೆಯಂತೆ ಕಾಣುವುದು ಹಿಕ್ಕೆಯಲ್ಲ, ನಿಂಬೆ ಚಿಟ್ಟೆಯ ಎಳೆ ಹುಳ. ಒಣಗುತ್ತ ಬಂದ ಚೇಳುಕೊಂಡಿ ಗಿಡ ಸಿಕ್ಕರಂತೂ ಅಲ್ಲೇ ಕೂತುಬಿಡಿ. ಟೈಗರ್ ಜಾತಿಯ ಗಂಡುಗಳು ಅದರ ರಸ ಹೀರಲು ಮುತ್ತುತ್ತವೆ. ಹೆಣ್ಣನ್ನು ಒಲಿಸುವ ಅತ್ತರು ತಯಾರಾಗುವುದು ಆ ರಸದಿಂದ. ಆಗ ಅವಕ್ಕೆ ನಿಮ್ಮ ನೆರಳೂ ಲೆಕ್ಕಕ್ಕಿಲ್ಲ.

ಬೇಳೆಕಾಳಿನ ಈ ಸೀಮೆಯ ನಿಜವಾದ ಚಿಟ್ಟೆಗಳು ಬೆರಳ ಉಗುರಿನಷ್ಟೇ ಗಾತ್ರದ ನೀಲಿಗಳು. ಗ್ರಾಂ ಬ್ಲೂ ಉದ್ದು, ಹೆಸರು, ಅಲಸಂದಿಯ ಮೊಗ್ಗಿನಲ್ಲಿ, ಪೀ ಬ್ಲೂ ತೊಗರಿಯ ಹೂ–ಕಾಯಿಯಲ್ಲಿ ಬೆಳೆಯುತ್ತವೆ. ರೈತನ ಲೆಕ್ಕದಲ್ಲಿ ಇವು ಕೀಟ, ಅದನ್ನು ಅಲ್ಲಗಳೆಯಲಾರೆ. ಆದರೆ ಹುಳದ ಪಕ್ಕದಲ್ಲಿ ಇರುವೆಗಳು ಕಾವಲು ನಿಂತಿರುವುದನ್ನು ಒಮ್ಮೆ ನೋಡಬೇಕು. ಹುಳ ಬೆನ್ನಿನಿಂದ ಸಿಹಿರಸ ಒಸರಿಸುತ್ತದೆ, ಇರುವೆ ಅದನ್ನು ನೆಕ್ಕಿ ಶತ್ರುಗಳನ್ನು ಓಡಿಸುತ್ತದೆ. ಕಾವಲಿಗೆ ಕೂಲಿ ಸಿಹಿ. ನೀಲಿಗಳ ಗುರುತು ಸಿಗುವುದು ರೆಕ್ಕೆಯ ಕೆಳಬದಿಯಲ್ಲಿ. ಮೇಲ್ಬದಿ ಎಷ್ಟು ಚಂದ ಬಂದರೂ ಕೆಳಬದಿಯ ಚಿತ್ರವಿಲ್ಲದಿದ್ದರೆ ಹೆಸರು ಹೇಳುವುದು ಕಷ್ಟ. ಹುಲ್ಲಿನ ನಡುವೆ ಗ್ರಾಸ್ ಜ್ಯುವೆಲ್ ಎಂಬುದನ್ನೂ ಕಂಡೆ. ಭಾರತದ ಅತಿ ಸಣ್ಣ ಚಿಟ್ಟೆಗಳಲ್ಲೊಂದು. ಕಿತ್ತಳೆ ಅಂಚಿನ ಕಪ್ಪು ಮಣಿಗಳನ್ನು ಪೋಣಿಸಿದಂಥ ಅದರ ಹಿಂರೆಕ್ಕೆಯನ್ನು ಲೆನ್ಸಿನಲ್ಲಿ ಹಿಡಿಯಲು ನೆಲಕ್ಕೆ ಗಲ್ಲ ಊರಬೇಕಾಯಿತು.

ಜಲಸಂಗ್ವಿಯ ಗುಡಿಯ ಹೊರಗೋಡೆಯಲ್ಲಿ ಆರನೆಯ ವಿಕ್ರಮಾದಿತ್ಯನ ಹೊಗಳಿಕೆಯನ್ನು ಹಲಗೆಯ ಮೇಲೆ ಬರೆಯುತ್ತಿರುವ ಶಿಲಾಬಾಲಿಕೆಯಿದ್ದಾಳೆ. ಜನ ಅವಳಿಗಾಗಿ ಬರುತ್ತಾರೆ, ಬರಬೇಕು. ಅವಳ ಕಾಲ ಬುಡದಾಚೆ, ಕಲ್ಲು ಸಂದಿನ ಹೂಗಳ ಮೇಲೆ ಕೂತ ಪ್ಯಾನ್ಸಿಗೆ ಬೆನ್ನು ಹಾಕಿ ಎಲ್ಲರೂ ಸೆಲ್ಫಿ ತೆಗೆದುಕೊಳ್ಳುತ್ತಿದ್ದರು. ಕಲ್ಯಾಣದ ದೊರೆ ಮೂರನೆಯ ಸೋಮೇಶ್ವರ 1129ರ ಸುಮಾರಿಗೆ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಗಾಳ ಹಾಕಿ ಮೀನು ಹಿಡಿಯುವುದೂ ರಾಜವಿನೋದಗಳಲ್ಲೊಂದು. ಅವನ ಕಾಲಕ್ಕೆ ಕ್ಯಾಮೆರಾ ಇದ್ದಿದ್ದರೆ ಈ ವಿನೋದಕ್ಕೂ ಒಂದು ಅಧ್ಯಾಯ ಸಿಗುತ್ತಿತ್ತೇನೋ.

ಚಿತ್ರ ತೆಗೆಯುವವರಿಗೆ ಹೇಳಲೇಬೇಕಾದದ್ದು ಹೊತ್ತು. ಚಿಟ್ಟೆ ತಣ್ಣನೆಯ ರಕ್ತದ ಜೀವಿ, ಮೈ ಕಾಯಿಸಿಕೊಳ್ಳದೆ ಹಾರಲಾರದು. ಏಳೂವರೆಯಿಂದ ಒಂಬತ್ತೂವರೆವರೆಗೆ ರೆಕ್ಕೆ ಬಿಡಿಸಿ ಬಿಸಿಲಿಗೆ ಮೈಯೊಡ್ಡಿ ಕೂತಿರುತ್ತದೆ. ನಿಮ್ಮ ನೆರಳು ಅದರ ಮೇಲೆ ಬಿತ್ತೋ, ಹೋಯಿತು. ನೂರು ಮಿಲಿಮೀಟರ್ ಆಸುಪಾಸಿನ ಮ್ಯಾಕ್ರೊ ಲೆನ್ಸ್ ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಮೊಬೈಲೂ ಸಾಕು. ರೆಕ್ಕೆಯ ಮೈಗೆ ಕ್ಯಾಮೆರಾದ ಮೈ ಸಮವಾಗಿರಲಿ, ಇಲ್ಲದಿದ್ದರೆ ಅರ್ಧ ರೆಕ್ಕೆ ಮಬ್ಬು. ಚಿಟ್ಟೆಯ ಬೆನ್ನು ಹತ್ತಿ ಓಡುವುದಕ್ಕಿಂತ ಹೂವಿನ ಮುಂದೆ ಕಾಯುವುದು ಲೇಸು. ಹೊಲದೊಳಗೆ ಕಾಲಿಡುವ ಮೊದಲು ಹೊಲದವರನ್ನು ಕೇಳಿ, ಕಲ್ಲುಗುಡ್ಡೆಯ ಬಳಿ ಹಾವಿನ ಎಚ್ಚರವಿರಲಿ. ಹೆಸರು ಹುಡುಕಲು ಕೃಷ್ಣಮೇಘ ಕುಂಟೆಯವರ ಭಾರತ ಪರ್ಯಾಯದ್ವೀಪದ ಚಿಟ್ಟೆಗಳ ಪುಸ್ತಕ, ಐಸಾಕ್ ಕೆಹಿಮ್ಕರ್ ಅವರ ಪುಸ್ತಕ ಎರಡೂ ನೆರವಾಗುತ್ತವೆ. 2020ರಿಂದ ದೇಶದ ಚಿಟ್ಟೆಪ್ರಿಯರು ಸೆಪ್ಟೆಂಬರನ್ನು ‘ಬಿಗ್ ಬಟರ್‌ಫ್ಲೈ ಮಂಥ್’ ಎಂದು ಆಚರಿಸುತ್ತಿದ್ದಾರೆ. ಈ ಸೀಮೆಗೆ ಆ ತಿಂಗಳು ಅಳತೆ ಕೊಟ್ಟು ಹೊಲಿಸಿದಂತಿದೆ. ಒಂದು ಮಾತು: ಕರ್ನಾಟಕದ ರಾಜ್ಯ ಚಿಟ್ಟೆ ಸದರ್ನ್ ಬರ್ಡ್‌ವಿಂಗ್ ಘಟ್ಟದ ಕಾಡಿನದು. ಅದನ್ನು ಹುಡುಕಿಕೊಂಡು ಇಲ್ಲಿಗೆ ಬರಬೇಡಿ. ಬನ್ನೇರುಘಟ್ಟದ ಚಿಟ್ಟೆ ಉದ್ಯಾನದ ಹಾಗೆ ಮಾಡಿನಡಿ ಸಾಲಾಗಿ ಸಿಗುವ ಚಿಟ್ಟೆಗಳೂ ಇಲ್ಲಿಲ್ಲ.

ಬದು ಮಾತ್ರ ಬದಲಾಗುತ್ತಿದೆ. ಸೋಯಾ ಹೆಚ್ಚಿದ ಮೇಲೆ ಕುರ್ಪಿಯ ಕೆಲಸವನ್ನು ಕಸದ ಎಣ್ಣೆ ವಹಿಸಿಕೊಂಡಿದೆ. ಕೂಲಿಗೆ ಆಳು ಸಿಗದವರನ್ನು ದೂರುವಂತಿಲ್ಲ. ಆದರೆ ಸಾಲಿಗೆ ಹೊಡೆದ ಎಣ್ಣೆ ಬದುವಿಗೂ ಬಿದ್ದ ಕಡೆ ಹುಲ್ಲು, ಚಗಚೆ, ಗೋಳಿ ಎಲ್ಲ ಒಂದೇ ವಾರದಲ್ಲಿ ಬೂದು. ಅಂಥ ಬದುವಿನ ಮೇಲೆ ಅರ್ಧ ತಾಸು ನಡೆದೆ. ಕಂಡದ್ದು ಪಕ್ಕದ ಹೊಲದಿಂದ ದಾಟಿ ಹೋಗುತ್ತಿದ್ದ ಒಂದು ಹಳದಿ ಚಿಟ್ಟೆ, ಅದೂ ಕೂರಲಿಲ್ಲ. ಕಾಂಗ್ರೆಸ್ ಕಸ ಮಾತ್ರ ಮತ್ತೆ ಮೊದಲು ತಲೆ ಎತ್ತುತ್ತದೆ. ಅದರ ಎಲೆ ತಿಂದು ಬೆಳೆಯುವ ಒಂದು ಚಿಟ್ಟೆಯನ್ನೂ ನಾನು ಕಾಣೆ.

ಮಧ್ಯಾಹ್ನ ಹುಮನಾಬಾದ್ ಪಕ್ಕದ ಮಾಣಿಕನಗರ. 1817ರಲ್ಲಿ ಬಸವಕಲ್ಯಾಣದ ಬಳಿಯ ಲಾಡವಂತಿಯಲ್ಲಿ ಹುಟ್ಟಿದ ಮಾಣಿಕಪ್ರಭುಗಳ ಸಮಾಧಿ ಸ್ಥಳ. ಎರಡು ಹಳ್ಳ ಕೂಡುವ ಜಾಗದ ಹಸಿ ಮಣ್ಣಿನಲ್ಲಿ ಇಪ್ಪತ್ತು ಮೂವತ್ತು ಎಮಿಗ್ರಂಟ್ ಚಿಟ್ಟೆಗಳು ಒಂದೇ ದಿಕ್ಕಿಗೆ ಮುಖ ಮಾಡಿ ಕೆಸರಿನ ಉಪ್ಪು ಹೀರುತ್ತಿದ್ದವು. ಹೀಗೆ ಕೆಸರಿಗೆ ಇಳಿಯುವುವು ಹೆಚ್ಚಾಗಿ ಗಂಡುಗಳೇ. ದರ್ಶನ ಮುಗಿಸಿ ಬಂದ ಹುಡುಗನೊಬ್ಬ ಓಡಿ ಬಂದ, ಎಲ್ಲವೂ ಎದ್ದವು, ಅರೆಗಳಿಗೆ ಅವನ ತಲೆಯ ಸುತ್ತ ತಿಳಿಹಳದಿ ಗಾಳಿ.

ಸಂಜೆ ಹುಮನಾಬಾದಿನ ರಸ್ತೆಬದಿ ಹಣ್ಣಿನ ಬಂಡಿಯಲ್ಲಿ ದೀಪ ಹತ್ತಿತ್ತು. ಮೆತ್ತಗಾದ ಬಾಳೆಹಣ್ಣಿನ ಮೇಲೆ ಕಂದು ಬಣ್ಣದ ಈವ್ನಿಂಗ್ ಬ್ರೌನ್ ಬಂದು ಕೂತಿತು. ಮಳೆಗಾಲದಲ್ಲಿ ರೆಕ್ಕೆಯ ತುಂಬ ಕಣ್ಣುಗಳು, ಬೇಸಿಗೆಯಲ್ಲಿ ಅದೇ ಚಿಟ್ಟೆ ಒಣ ಎಲೆ. ಮೇ ತಿಂಗಳಲ್ಲಿ ಇದನ್ನು ನಾನು ತುಳಿದೇ ನಡೆದಿದ್ದೆನೋ ಏನೋ. ಕ್ಯಾಮೆರಾ ಚೀಲದಲ್ಲಿತ್ತು. ತಿತಲಿ ಎಂದು ಬಂಡಿಯವನಿಗೆ ತೋರಿಸಿದೆ. ಅವನು ಬಗ್ಗಿ ನೋಡಿ, ತಿತಲಿ ಹಗಲಿನದು, ದೀಪಕ್ಕೆ ಬಂದರೆ ಪರ್ವಾನಾ ಎಂದ. ಅಲ್ಲ ಎಂದೆ. ಹೌದು ಎಂದ. ಬಾಳೆಹಣ್ಣನ್ನು ಮಾತ್ರ ಬುಟ್ಟಿಗೆ ಎಸೆಯದೆ ಅಲ್ಲೇ ಬಿಟ್ಟ.