ಸವಾರನಿಗೆ ತಕ್ಕ ಸೈಕಲ್

ಕಲ್ಯಾಣದಿಂದ ಕರ್ಜತ್ ಕಡೆಗೆ ಸಾಗುವ ಲೋಕಲ್ ಗಾಡಿಗೆ ಮೊದಲು ಸಿಗುವ ನಿಲ್ದಾಣ ವಿಠ್ಠಲವಾಡಿ. ಉದ್ಯೋಗನಿಮಿತ್ತ ಊರು ಬಿಟ್ಟು ಬಂದು ಈ ಸುತ್ತಿನಲ್ಲಿ ನೆಲೆಸಿದ ಕನ್ನಡಿಗರ ದಿನದ ಬಹುಭಾಗವು ಗಾಡಿಯಲ್ಲಿ ನಿಂತು, ಕಚೇರಿಯಲ್ಲಿ ಕುಳಿತು ಕಳೆದುಹೋಗುತ್ತದೆ. ವಯಸ್ಕರಿಗೆ ವಾರಕ್ಕೆ ಕನಿಷ್ಠ 150 ನಿಮಿಷಗಳ ಮಿತಶ್ರಮದ ವ್ಯಾಯಾಮ ಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಮನೆಯಿಂದ ನಿಲ್ದಾಣಕ್ಕೆ ಸೈಕಲ್ಲಿನಲ್ಲಿ 15 ನಿಮಿಷ, ಮರಳಲು 15 ನಿಮಿಷ, ವಾರಕ್ಕೆ 5 ದಿನ ಎಂದರೆ ಲೆಕ್ಕ ತಾನಾಗಿ ಸರಿಹೋಗುತ್ತದೆ.

ಆದರೆ ಉತ್ಸಾಹದಿಂದ ಕೊಂಡ ಎಷ್ಟೋ ಸೈಕಲ್ಲುಗಳು ಕೆಲವೇ ವಾರಗಳಲ್ಲಿ ಮಹಡಿಯ ಮೆಟ್ಟಿಲಿನಡಿ ಧೂಳು ಹಿಡಿಯುತ್ತವೆ. ಮಂಡಿನೋವು, ಸೊಂಟನೋವು, ಅಂಗೈ ಜೋಮು ಇವುಗಳಿಗೆ ವಯಸ್ಸೇ ಕಾರಣವೆಂದು ಸವಾರನು ತೀರ್ಮಾನಿಸಿಬಿಡುತ್ತಾನೆ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಗಾದೆಯು ಸಂಸಾರದ ಖರ್ಚಿಗೆ ಯೋಗ್ಯವಾದುದು. ಸೈಕಲ್ಲಿನ ವಿಷಯದಲ್ಲಿ ಮಾತ್ರ ಕಾಲಿಗೆ ತಕ್ಕಂತೆ ಹಾಸಿಗೆಯೇ ಬದಲಾಗಬೇಕು.

ಮೊದಲ ಬದಲಾವಣೆಗೆ ಖರ್ಚಿಲ್ಲ, ಒಂದು ಸ್ಪ್ಯಾನರ್ ಸಾಕು. ಪೆಡಲು ಕೆಳಗಿರುವಾಗ ಅದರಿಂದ ಸೀಟಿನ ಮೇಲ್ಭಾಗದವರೆಗಿನ ಅಂತರವು ಕಾಲಿನ ಒಳ ಅಳತೆಯ ಶೇಕಡಾ 109ರಷ್ಟಿರಬೇಕೆಂದು 1967ರಲ್ಲಿ ಹ್ಯಾಮ್ಲಿ ಮತ್ತು ಥಾಮಸ್ ಎಂಬ ಇಂಗ್ಲೆಂಡಿನ ಸಂಶೋಧಕರು ಸೂಚಿಸಿದರು. ಒಳ ಅಳತೆ 80 ಸೆಂಟಿಮೀಟರ್ ಇದ್ದರೆ ಈ ಅಂತರ ಸುಮಾರು 87. ಸೀಟು ತೀರ ತಗ್ಗಾದರೆ ಮಂಡಿಯ ಮುಂಭಾಗಕ್ಕೆ ಒತ್ತಡ. ತೀರ ಎತ್ತರವಾದರೆ ಸೊಂಟ ಅತ್ತಿತ್ತ ಹೊಯ್ದಾಡುತ್ತದೆ. ಜನಸಂದಣಿಯ ರಸ್ತೆಯಲ್ಲಿ ಆಗಾಗ ಕಾಲೂರಬೇಕಾದವರು ಕೊಂಚ ತಗ್ಗಿನಿಂದ ಆರಂಭಿಸಿ ಕ್ರಮೇಣ ಏರಿಸುವುದು ಲೇಸು.

ಹ್ಯಾಂಡಲ್ ಬಹಳ ತಗ್ಗಿದ್ದರೆ ದೇಹದ ಭಾರ ಅಂಗೈಗೆ ಬಿದ್ದು, ಅಲ್ಲಿನ ನರ ಅದುಮಲ್ಪಟ್ಟು ಕಿರುಬೆರಳು ಉಂಗುರಬೆರಳುಗಳು ಜೋಮು ಹಿಡಿಯುತ್ತವೆ. ಎತ್ತರದ ಹ್ಯಾಂಡಲ್, ದಪ್ಪನೆಯ ಹಿಡಿ ಇದಕ್ಕೆ ಪರಿಹಾರ. ನೆಟ್ಟಗೆ ಕುಳಿತು ಸಾಗುವವರಿಗೆ ಅಗಲವಾದ ಸೀಟು, ಮುಂದಕ್ಕೆ ಬಾಗುವವರಿಗೆ ಕಿರಿದಾದುದು ಹೊಂದುತ್ತದೆ. ಅತಿ ಮೆತ್ತನೆಯ ಸೀಟು ಮೂಳೆಗಳನ್ನು ಒಳಗೆ ಇಳಿಯಗೊಟ್ಟು ಮೃದುಭಾಗವನ್ನೇ ಒತ್ತುವುದುಂಟು.

ರೈಲ್ವೆ ಮೇಲ್ಸೇತುವೆಯ ಏರಿನಲ್ಲಿ ಏದುಸಿರು ಬಿಡುವವರು ಹಲ್ಲುಗಳ ಲೆಕ್ಕ ನೋಡಬೇಕು. ಮುಂದಿನ ಚಕ್ರಕ್ಕೆ 48 ಹಲ್ಲು, ಹಿಂದಿನ ಫ್ರೀವೀಲಿಗೆ 18 ಹಲ್ಲು ಇದ್ದರೆ ಒಂದು ಸುತ್ತು ತುಳಿದಾಗ ಹಿಂದಿನ ಗಾಲಿ 2.67 ಸುತ್ತು ತಿರುಗುತ್ತದೆ. ಫ್ರೀವೀಲನ್ನು 22 ಹಲ್ಲಿನದಕ್ಕೆ ಬದಲಿಸಿದರೆ 2.18 ಸುತ್ತು. ತುಳಿಯುವ ಬಲ ಸುಮಾರು ಶೇಕಡಾ 18ರಷ್ಟು ಉಳಿಯುತ್ತದೆ; ಅದೇ ಗತಿಯಲ್ಲಿ ತುಳಿದರೆ ವೇಗವೂ ಅಷ್ಟೇ ಇಳಿಯುತ್ತದೆ. ಜಮೆಯಿದ್ದಲ್ಲಿ ಖರ್ಚೂ ಇರುವುದು ಸಹಜ. ಸವೆದ ಚೈನಿಗೆ ಹೊಸ ಫ್ರೀವೀಲ್ ಜೋಡಿಸಿದರೆ ಚೈನು ಜಾರೀತು. ಎರಡನ್ನೂ ಒಟ್ಟಿಗೆ ಬದಲಿಸುವುದೇ ಉಳಿತಾಯ.

ಮಳೆಗಾಲದ ಮಾತೇ ಬೇರೆ. ಉಕ್ಕಿನ ಹೊಳಪು ರಿಮ್ಮು ನೆನೆದಾಗ ಬ್ರೇಕಿನ ಹಿಡಿತ ಬಹಳ ಕುಗ್ಗುತ್ತದೆ. ಅಲ್ಯೂಮಿನಿಯಂ ರಿಮ್ಮು ಇದಕ್ಕಿಂತ ಮೇಲು. ಸವೆದ ಬ್ರೇಕ್ ಗಟ್ಟಿಗಳನ್ನು ಮಳೆಗೆ ಮುನ್ನವೇ ಬದಲಿಸಬೇಕು. ಗುಂಡಿ ಬಿದ್ದ ರಸ್ತೆಗೆ ಕೊಂಚ ಅಗಲದ ಟಯರು ಹಿತಕರ, ಆದರೆ ಚೌಕಟ್ಟಿನಲ್ಲಿ ಅದಕ್ಕೆ ಎಡೆಯಿದೆಯೇ ಎಂದು ಮೊದಲೇ ಅಳೆಯಬೇಕು.

ಖರ್ಚಿನ ಕ್ರಮವೂ ಮುಖ್ಯ. ಮೊದಲು ಬ್ರೇಕು, ಅನಂತರ ಸೀಟು ಹ್ಯಾಂಡಲ್‌ಗಳ ಹೊಂದಾಣಿಕೆ, ಬಳಿಕ ಟಯರು, ಫ್ರೀವೀಲ್, ಅಲಂಕಾರ ಕಟ್ಟಕಡೆಗೆ. ಒಮ್ಮೆಗೆ ಒಂದನ್ನೇ ಬದಲಿಸಿ ವಾರವಿಡೀ ಸವಾರಿ ಮಾಡಿದರೆ ಯಾವುದರಿಂದ ಗುಣವಾಯಿತೆಂಬುದು ತಿಳಿಯುತ್ತದೆ. ಹೃದ್ರೋಗ, ಮಧುಮೇಹ ಉಳ್ಳವರು ವೈದ್ಯರನ್ನು ಕೇಳಿಯೇ ಆರಂಭಿಸಬೇಕು. ಜೋಮು ನಿಲ್ಲದಿದ್ದರೆ ಸವಾರಿಯನ್ನು ನಿಲ್ಲಿಸಿ ಅವರನ್ನೇ ಕಾಣಬೇಕು. ಮೆಟ್ಟಿಲಿನಡಿಯ ಸೈಕಲ್ಲನ್ನು ಗುಜರಿಗೆ ಹಾಕುವ ಮೊದಲು ಅದರ ಸೀಟನ್ನೊಮ್ಮೆ ಅಳೆದು ನೋಡುವುದು ಒಳಿತು.