ಪ್ರಬಂಧಕ್ಕೆ ವಿಷಯ ಬೇಕೆ? ಮೊದಲು ಪ್ರಶ್ನೆ ಹುಡುಕಿ!

ಹೋದ ತಿಂಗಳು ಒಂದು ಭಾನುವಾರ ಅಕ್ಕನ ಮಗಳು ಮುಖ ಸಪ್ಪಗೆ ಮಾಡಿಕೊಂಡು ಮನೆಗೆ ಬಂದಳು. ಇತಿಹಾಸದಲ್ಲಿ ಎಂ.ಎ. ಓದುತ್ತಿರುವ ಹುಡುಗಿ. ಕೊನೆಯ ವರ್ಷದ ಕಿರುಪ್ರಬಂಧಕ್ಕೆ ಅವಳು ಬರೆದುಕೊಟ್ಟ ವಿಷಯವನ್ನು ಮೇಷ್ಟರು ಎರಡನೆಯ ಸಲವೂ ವಾಪಸು ಮಾಡಿದ್ದರಂತೆ.

"ಏನೇ ಅದು ವಿಷಯ?" ಎಂದೆ.

"ಕರ್ನಾಟಕದ ಆಹಾರ ಪರಂಪರೆ, ಚಿಕ್ಕಮ್ಮ. ತುಂಬಾ ದೊಡ್ಡದಾಯ್ತು, ಚಿಕ್ಕದು ಮಾಡು ಅಂತಾರೆ. ಹೇಗೆ ಅಂತ ಮಾತ್ರ ಹೇಳೋಲ್ಲ. ಇನ್ನು ನಾಲ್ಕೇ ತಿಂಗಳಿರೋದು. ಸೀನಿಯರ್ ಒಬ್ಬಳ ಪ್ರಬಂಧ ಸಿಕ್ಕಿದೆ, ಅದನ್ನೇ ಅಲ್ಲಿ ಇಲ್ಲಿ ತಿದ್ದಿ ಕೊಟ್ಬಿಡ್ತೀನಿ."

ನನ್ನ ಎದೆ ಧಸಕ್ಕೆಂದಿತು. ಬೆಳಗಿನ ಮೊದಲ ಬಸ್ಸು ಹಿಡಿದು ಓದಿದ್ದೆಲ್ಲ ಕಾಪಿ ಹೊಡೆಯುವುದಕ್ಕೇ? ಸಿಕ್ಕಿಬಿದ್ದರೆ ಪದವಿಗೇ ಕುತ್ತು. ಸಿಕ್ಕಿಬೀಳದಿದ್ದರೂ 'ನನ್ನ ಕೈಲಾಗದು' ಎಂಬ ಅಳುಕು ಜನ್ಮಕ್ಕೆ ಅಂಟಿಕೊಳ್ಳುತ್ತದೆ.

"ಮೊದಲು ಬಾ, ಸಾರಿಗೆ ಒಗ್ಗರಣೆ ಹಾಕು" ಎಂದು ಅಡುಗೆಮನೆಗೆ ಕರೆದೆ. ಒಣಮೆಣಸಿನಕಾಯಿ ಮುರಿಯುತ್ತಾ, "ಇದು ನಮ್ಮ ದೇಶದ್ದೇ ಅಲ್ಲ, ಗೊತ್ತಾ ಚಿಕ್ಕಮ್ಮ? ಪೋರ್ಚುಗೀಸರು ಬಂದ ಮೇಲೆ ಅಮೆರಿಕದ ಕಡೆಯಿಂದ ಬಂದದ್ದು" ಎಂದಳು.

"ಹೌದೇ? ಹಾಗಾದರೆ ಅದಕ್ಕೂ ಮುಂಚೆ ನಮ್ಮವರು ಖಾರಕ್ಕೆ ಏನು ಹಾಕ್ತಿದ್ರು?"

ಹುಡುಗಿ ಸೌಟು ಹಿಡಿದು ಹಾಗೇ ನಿಂತುಬಿಟ್ಟಳು. ಸೋದರಿಯರೇ, ಅವಳ ಪ್ರಬಂಧ ಹುಟ್ಟಿದ್ದು ಅಲ್ಲಿ! 'ಆಹಾರ ಪರಂಪರೆ' ಎಂಬುದು ಬರೀ ಹೆಸರು. ಹೆಸರಿಗೆ ಉತ್ತರ ಹುಡುಕಲಾಗದು, ಪ್ರಶ್ನೆಗೆ ಹುಡುಕಬಹುದು.

ಆದರೆ ಹಾಸಿಗೆ ಇದ್ದಷ್ಟು ಕಾಲು ಚಾಚಬೇಕಲ್ಲ! ಮೆಣಸು, ಶುಂಠಿ, ಹಿಪ್ಪಲಿ ಎಂದು ಊಹಿಸುವುದು ಸುಲಭ. ಪ್ರಬಂಧಕ್ಕೆ ಊಹೆ ಸಾಲದು, ಆಧಾರ ಬೇಕು. ಊಟವಾದ ಮೇಲೆ ಇಬ್ಬರೂ ಕೂತು ಲೆಕ್ಕ ಹಾಕಿದೆವು. ಎರಡನೆಯ ಚಾವುಂಡರಾಯನ 'ಲೋಕೋಪಕಾರ' ಸುಮಾರು 1025ರದು. ಅದರಲ್ಲಿ ಅಡುಗೆಗೇ ಒಂದು ಅಧ್ಯಾಯವಿದೆ. ಮೂರನೆಯ ಮಂಗರಸನ 'ಸೂಪಶಾಸ್ತ್ರ' ಸುಮಾರು 1508ರದು. ಅದಂತೂ ಪೂರ್ತಿ ಪಾಕಶಾಸ್ತ್ರ. ವಾಸ್ಕೊ ಡ ಗಾಮ ಕಲ್ಲಿಕೋಟೆಗೆ ಬಂದಿಳಿದದ್ದು 1498ರಲ್ಲಿ. ಮೆಣಸಿನಕಾಯಿ ನಮ್ಮ ಒಲೆಯ ಹತ್ತಿರ ಬರುವ ಮುಂಚಿನ ಅಡುಗೆ ಇವೆರಡರಲ್ಲಿ ಸಿಗಬೇಕು. ಎರಡೂ ಕನ್ನಡದ್ದೇ, ಎರಡೂ ಅಚ್ಚಾಗಿವೆ.

"ಎರಡನ್ನೂ ತಗೊಳ್ಳಲಾ?"

"ನಾಲ್ಕು ತಿಂಗಳಲ್ಲಿ ಅಷ್ಟೂ ಹಳೆಯ ಕನ್ನಡ ಬಿಡಿಸಿ ಮುಗಿಸ್ತೀಯಾ?"

ಇಲ್ಲವೆಂದು ತಲೆಯಾಡಿಸಿದಳು. ಸೂಪಶಾಸ್ತ್ರ ಒಂದೇ ಉಳಿಯಿತು. ಅದರಲ್ಲೂ ತರಕಾರಿ ಅಡುಗೆ ಮಾತ್ರ. ಬದನೆಕಾಯಿಯೊಂದರದೇ ಅಲ್ಲಿ ಬೇಕಾದಷ್ಟಿದೆ. ಕೊನೆಗೆ ನಿಂತ ವಿಷಯ: 'ಮಂಗರಸನ ಸೂಪಶಾಸ್ತ್ರದ ತರಕಾರಿ ಅಡುಗೆಗಳಲ್ಲಿ ಖಾರದ ಪದಾರ್ಥಗಳು.'

ನಿಮ್ಮ ಮಗಳಿಗೋ, ಮನೆಗೆಲಸದ ನಡುವೆ ಮುಕ್ತ ವಿಶ್ವವಿದ್ಯಾನಿಲಯದಲ್ಲಿ ಓದುತ್ತಿರುವ ನಿಮಗೋ ಇದೇ ಸಮಸ್ಯೆ ಬಂದರೆ ಈ ನಾಲ್ಕು ಮಾತು ನೆನಪಿಡಿ.

1. ವಿಷಯವನ್ನು ಒಂದೇ ವಾಕ್ಯದ ಪ್ರಶ್ನೆಯಾಗಿ ಬರೆಯಿರಿ.

2. ಕಾಲ, ಊರು, ಗ್ರಂಥ, ಇವುಗಳಲ್ಲಿ ಒಂದಕ್ಕಾದರೂ ಗೆರೆ ಎಳೆಯಿರಿ. ಆಧಾರ ಕೈಗೆಟುಕುತ್ತದೆಯೇ ಎಂದು ಮೊದಲೇ ಗ್ರಂಥಾಲಯದಲ್ಲಿ ಕೂತು ನೋಡಿ.

3. ಬೇರೆಯವರು ಏನು ಬರೆದಿದ್ದಾರೆಂದು 'ಶೋಧಗಂಗಾ' ಜಾಲತಾಣದಲ್ಲಿ ಹುಡುಕಿ. ನಮ್ಮ ದೇಶದ ಅನೇಕ ವಿಶ್ವವಿದ್ಯಾನಿಲಯಗಳ ಪಿಎಚ್.ಡಿ. ಪ್ರಬಂಧಗಳು ಅಲ್ಲಿ ಪುಕ್ಕಟೆಯಾಗಿ ಓದಲು ಸಿಗುತ್ತವೆ. ನಿಮ್ಮದೇ ವಿಷಯ ಕಂಡರೆ ಎದೆಗುಂದಬೇಡಿ. ಅವರು ಬಿಟ್ಟದ್ದೇನೆಂದು ನೋಡಿ.

4. ಓದುತ್ತಾ ಹೋದಂತೆ ಪ್ರಶ್ನೆ ಬದಲಾಗಬಹುದು. ಮೇಷ್ಟರಿಗೆ ತಿಳಿಸಿ ಬದಲಾಯಿಸಿಕೊಳ್ಳಿ. ಅದು ಸೋಲಲ್ಲ.

ಮೇಷ್ಟರು ಈ ಸಲ ಒಪ್ಪಿದ್ದಾರೆ. ಸೀನಿಯರಳ ಪ್ರಬಂಧ ಅವಳ ಮನೆಗೇ ವಾಪಸು ಹೋಗಿದೆ. ಅವತ್ತಿನ ಸಾರೇ? ಮಾತಿನ ಭರದಲ್ಲಿ ಒಗ್ಗರಣೆ ಸೀದುಹೋಗಿತ್ತು. ಆದರೂ ಹುಡುಗಿ ಎರಡು ಸಲ ಬಡಿಸಿಕೊಂಡು ಉಂಡಳು!