ಆಕ್ಸಿಜನ್ ಕೆಂಪಾದರೆ ಗಾಳಿ ಎಂತಕೆ ಕೆಂಪಿಲ್ಲ?

ಬ್ರಹ್ಮಾವರದ ಕಡೆಯ ಪಿಯುಸಿ ಹುಡುಗಿಯೊಬ್ಬಳ ಪ್ರಶ್ನೆ ಇದು: "ಸರ್, ಕಂಪ್ಯೂಟರಿನಲ್ಲಿ ಆಕ್ಸಿಜನ್ ಕೆಂಪು ಉಂಡೆ. ಮತ್ತೆ ಗಾಳಿ ಎಂತಕೆ ಕೆಂಪಿಲ್ಲ?" ಓದಿ ಮನಸ್ಸು ಅರಳಿತು. ಪಾಠ ಒಪ್ಪಿಸುವ ಮಕ್ಕಳು ಬಹಳ, ಹೀಗೆ ಕೇಳುವವರು ಕಡಿಮೆ.

ಆ ಕೆಂಪು ಆಕ್ಸಿಜನ್ನಿನದಲ್ಲ, ಮರದ ಚೆಂಡಿಗೆ ಬಳಿದ ಬಣ್ಣದ್ದು. 1865ರಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಉಪನ್ಯಾಸಕ್ಕೆ ನಿಂತ ಹಾಫ್‌ಮನ್ ಎಂಬ ರಸಾಯನ ವಿಜ್ಞಾನಿ ಕ್ರೋಕೆ ಆಟದ ಚೆಂಡುಗಳಿಗೆ ಕಡ್ಡಿ ಸಿಕ್ಕಿಸಿ ಅಣುಗಳನ್ನು ತೋರಿಸಿದರು. ಕಾರ್ಬನ್ ಕಪ್ಪು, ಹೈಡ್ರೋಜನ್ ಬಿಳಿ, ಆಕ್ಸಿಜನ್ ಕೆಂಪು, ನೈಟ್ರೋಜನ್ ನೀಲಿ. ಇಂದಿನ ಜೇಮೋಲ್, ಅವೊಗಾಡ್ರೊದಂಥ ತಂತ್ರಾಂಶಗಳಲ್ಲೂ ಹೆಚ್ಚುಕಡಿಮೆ ಅವೇ ಬಣ್ಣ. ಕಪ್ಪು ಪರದೆಯ ಮೇಲೆ ಕಪ್ಪು ಕಾಣದಲ್ಲ, ಕಾರ್ಬನ್ ಮಾತ್ರ ಬೂದಾಗಿದೆ. ನಿಜದಲ್ಲಿ ಕಣ್ಣಿಗೆ ಕಾಣುವ ಬೆಳಕಿನ ಅಲೆಯ ಉದ್ದ 400ರಿಂದ 700 ನ್ಯಾನೋಮೀಟರ್. ಪರಮಾಣು ಅದಕ್ಕಿಂತ ಸಾವಿರಾರು ಪಟ್ಟು ಚಿಕ್ಕದು. ಒಂಟಿ ಪರಮಾಣುವನ್ನು ಉಂಡೆಯ ಹಾಗೆ ಕಂಡು ಬಣ್ಣ ಹೇಳಲು ಬರುವುದಿಲ್ಲ. ಇನ್ನು ಆಕ್ಸಿಜನ್ನನ್ನು ತಣಿಸಿ ದ್ರವ ಮಾಡಿದರೆ ಅದು ತಿಳಿನೀಲಿ!

ಹಾಗಾದರೆ ಪರದೆಯ ಮೇಲಿನದೆಲ್ಲ ಸುಳ್ಳೇ? ಅಲ್ಲ. ಬಣ್ಣ ನಾವು ಕೊಟ್ಟದ್ದು, ಆಕಾರ ಅಣುವಿನದೇ. ಆ ಆಕಾರ ತಿಳಿಯಬೇಕಾದರೆ ಅಣುವನ್ನು ತಿರುಗಿಸಬೇಕು. ನಿಂತ ಚಿತ್ರದಲ್ಲಿ ಯಾವುದು ಮುಂದೆ, ಯಾವುದು ಹಿಂದೆ ಗೊತ್ತಾಗದು; ತಿರುಗಿಸಿದ ಕ್ಷಣವೇ ಕಣ್ಣಿಗೆ ಆಳ ಸಿಗುತ್ತದೆ. ಅಮೆರಿಕದ ಎಂಐಟಿಯಲ್ಲಿ ಸೈರಸ್ ಲೆವಿಂತಾಲ್ 1960ರ ದಶಕದಲ್ಲೇ ಕೈಯಲ್ಲಿ ಗೋಲ ತಿರುಗಿಸಿ ಪರದೆಯ ಅಣುವನ್ನು ತಿರುಗಿಸುವ ಏರ್ಪಾಡು ಮಾಡಿದ್ದರು. ಈಗ ಅದೇ ಕೆಲಸಕ್ಕೆ ಬೆರಳು ಸಾಕು.

ಮೊನ್ನೆ ನಾನು ಕಾರ್ವೋನ್ ಎಂಬ ಅಣುವನ್ನು ತಿರುಗಿಸುತ್ತ ಕುಳಿತಿದ್ದೆ. ಹತ್ತು ಕಾರ್ಬನ್, ಹದಿನಾಲ್ಕು ಹೈಡ್ರೋಜನ್, ಒಂದು ಆಕ್ಸಿಜನ್. ಆರು ಕಾರ್ಬನ್ನಿನ ಉಂಗುರ, ಅದಕ್ಕೊಂದು ಪುಟ್ಟ ಬಾಲ. ಇದರಲ್ಲಿ ಎರಡು ಬಗೆ. ಎರಡನ್ನೂ ಅಕ್ಕಪಕ್ಕ ಇಟ್ಟು, ಉಂಗುರಕ್ಕೆ ಉಂಗುರ, ಕೆಂಪು ಉಂಡೆಗೆ ಕೆಂಪು ಉಂಡೆ ಹೊಂದಿಸಿದೆ. ಒಂದರ ಬಾಲ ನನ್ನ ಕಡೆಗೆ ಬಂತು, ಇನ್ನೊಂದರದು ಪರದೆಯ ಆಚೆಗೆ ಹೋಯಿತು. ಬಾಲ ಸರಿ ಮಾಡಿದರೆ ಆಕ್ಸಿಜನ್ ತಪ್ಪಿತು. ಅರ್ಧ ಗಂಟೆ ತಿರುಗಿಸಿದರೂ ಒಂದರ ಮೇಲೊಂದು ಕೂರಲಿಲ್ಲ. ಎಡಗಾಲಿನ ಚಪ್ಪಲಿ, ಬಲಗಾಲಿನ ಚಪ್ಪಲಿ ಇದ್ದ ಹಾಗೆ: ಕನ್ನಡಿಯಲ್ಲಿ ಒಂದೇ, ಕಾಲಿಗೆ ಬೇರೆ.

ಅಡುಗೆಮನೆಗೆ ಹೋಗಿ ಪುದೀನ ಎಲೆ ಉಜ್ಜಿ ಮೂಸಿದೆ. ಆ ಪರಿಮಳದ ಮುಖ್ಯ ಅಣು ಇವುಗಳಲ್ಲಿ ಒಂದು. ಇನ್ನೊಂದು ಇರುವುದು ಸಬ್ಬಸಿಗೆ ಬೀಜದಲ್ಲಿ. ಪರಮಾಣುಗಳ ಲೆಕ್ಕ, ಅವುಗಳ ಜೋಡಣೆಯ ಕ್ರಮ ಎಲ್ಲ ಒಂದೇ. ಬೇರೆ ಇರುವುದು ಒಂದೇ ಒಂದು ಮೂಲೆಯ ತಿರುವು. ಅಷ್ಟನ್ನೂ ನಮ್ಮ ಮೂಗು ಗುರುತಿಸುತ್ತದೆ! ಮೂಗಿನೊಳಗೆ ವಾಸನೆ ಹಿಡಿಯುವ ಪ್ರೋಟೀನುಗಳಿಗೂ ಎಡ, ಬಲದ ಭೇದ ಉಂಟು. ಅವು ಆಗಿರುವುದು ಎಡಗೈ ಬಗೆಯ ಅಮೈನೋ ಆಮ್ಲಗಳಿಂದ. ಪ್ರೋಟೀನಿನ ಸರಪಳಿ ಎತ್ತ ಬಾಗಬಹುದು, ಎತ್ತ ಬಾಗದು ಎಂಬ ನಕ್ಷೆಯನ್ನು 1963ರಲ್ಲಿ ಮದ್ರಾಸಿನಲ್ಲಿ ಜಿ. ಎನ್. ರಾಮಚಂದ್ರನ್ ಮತ್ತು ಸಂಗಡಿಗರು ಕೊಟ್ಟರು. ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಇದೇ ಅಧ್ಯಯನಕ್ಕೊಂದು ವಿಭಾಗ ಕಟ್ಟಿದವರೂ ಅವರೇ. ಪ್ರೋಟೀನಿನ ಮಾದರಿ ಸರಿಯೇ ಎಂದು ನೋಡಲು ಇಂದಿಗೂ ಆ ನಕ್ಷೆಯೇ ಬೇಕು.

ಎಡ ಬಲದ ಮಾತು ಬಂದಾಗ ಬಲಮುರಿ ಶಂಖವನ್ನು ಬಿಡುವ ಹಾಗಿಲ್ಲ. ಮನೆಯಲ್ಲಿಟ್ಟರೆ ಲಕ್ಷ್ಮಿ ಬರುತ್ತಾಳೆಂದು ಸಾವಿರಗಟ್ಟಲೆ ರೂಪಾಯಿ ಸುರಿಯುವವರಿದ್ದಾರೆ. ಅದು ಮಾಮೂಲಿ ಶಂಖದ ಕನ್ನಡಿ ಬಿಂಬ, ಅಪರೂಪಕ್ಕೆ ಹುಟ್ಟುವಂಥದ್ದು, ಅಷ್ಟೇ. ಅಮೆರಿಕದ ಕಡಲಿನ ಒಂದು ಜಾತಿಗೆ ಆ ಸುರುಳಿಯೇ ಸಹಜ. ಅದರ ಚಿಪ್ಪನ್ನು ತಂದು ಬಲಮುರಿ ಎಂದು ಮಾರುವುದೂ ನಡೆದಿದೆ. ಮರವಂತೆ ಕಡಲ ದಂಡೆಯಲ್ಲಿ ಚಿಪ್ಪು ಹೆಕ್ಕುವ ಮಕ್ಕಳೇ, ಸುರುಳಿ ಯಾವ ಕಡೆಗೆಂದು ಕಾಣಿ; ಭಾಗ್ಯವನ್ನು ಅದರಲ್ಲಿ ಹುಡುಕಬೇಡಿ.

ಕುಂದಾಪುರ, ಬೈಂದೂರಿನ ಮೇಷ್ಟ್ರುಗಳಲ್ಲಿ ಒಂದು ಕೋರಿಕೆ. ಜೇಮೋಲ್‌ಗೆ ದುಡ್ಡು ಕೊಡಬೇಕಿಲ್ಲ. ಕಾರ್ವೋನಿನ ಎರಡೂ ರೂಪಗಳು ಪಬ್‌ಕೆಮ್ ಭಂಡಾರದಲ್ಲಿ ಪುಕ್ಕಟೆ ಸಿಗುತ್ತವೆ. ಬೋರ್ಡಿನ ಮೇಲೆ ಬರೆದು ತೋರಿಸಿ ಮುಗಿಸಬೇಡಿ. ಒಂದು ಕಟ್ಟು ಪುದೀನ, ಒಂದು ಚಮಚ ಸಬ್ಬಸಿಗೆ ಬೀಜ ತರಗತಿಗೆ ಒಯ್ಯಿರಿ, ಮೌಸನ್ನು ಮಕ್ಕಳ ಕೈಗೆ ಕೊಡಿ.